ಬಣ್ಣ ಮುಚ್ಚುತ್ತದೆ, ಒರಟು ಮುಚ್ಚುವುದಿಲ್ಲ

ಚೋರನೂರಿನಲ್ಲಿ ಪಾರ್ಲರ್ ಇಟ್ಟುಕೊಂಡವಳ ಮುಂದೆ ಕೂರುವ ಮದುಮಗಳ ಮುಖ ಬಹುಮಟ್ಟಿಗೆ ಬಿಸಿಲು ಕಂಡ ಮುಖ. ಮೆಕ್ಕೆಜೋಳ, ಶೇಂಗಾ, ಹತ್ತಿ ಹೊಲದಲ್ಲಿ ಅವ್ವನ ಜೊತೆ ದುಡಿದವಳು, ಇಲ್ಲವೇ ಸಂಡೂರಿನ ಕಾಲೇಜಿಗೆ ದಿನಾ ಬಸ್ಸಿನ ಕಿಟಕಿ ಪಕ್ಕ ಕೂತು ಹೋಗಿ ಬಂದವಳು. ಕೆನ್ನೆಗೊಂದು ಬಣ್ಣ, ತಲೆಮೇಲೆ ಹೊದ್ದ ಸೆರಗಿನ ನೆರಳಲ್ಲಿದ್ದ ಹಣೆಗೊಂದು ಬಣ್ಣ, ಕುತ್ತಿಗೆಗೆ ಮತ್ತೊಂದು. ಬಾಯಿಯ ಸುತ್ತ ಕಪ್ಪು. ಮೂಗಿನ ಪಕ್ಕ ಸಣ್ಣ ಹೊಟ್ಟು ಎದ್ದಿರುತ್ತದೆ. ಮದುವೆಗಳು ಬರುವುದು ಮಾಘ, ಫಾಲ್ಗುಣ, ವೈಶಾಖದಲ್ಲಿ, ಅಂದರೆ ಗಾಳಿಯಲ್ಲಿ ಹನಿ ತೇವವೂ ಇಲ್ಲದ ಕಾಲದಲ್ಲಿ. ನಾನು ಕೋರ್ಸ್ ಕಲಿತದ್ದು ಹೊಸಪೇಟೆಯಲ್ಲಿ. ಅಲ್ಲಿ ಹೇಳಿಕೊಟ್ಟ ಕ್ರಮ ಚೆನ್ನಾಗಿಯೇ ಇತ್ತು. ಆದರೆ ಒಣ ಚರ್ಮ ಏನು ಬೇಡುತ್ತದೆ ಅನ್ನುವುದನ್ನು ನನಗೆ ಕಲಿಸಿದ್ದು ಈ ಹುಡುಗಿಯರ ಮುಖಗಳೇ.

ಮೊದಲು ತಿಳಿಯಬೇಕಾದ್ದು ಇಷ್ಟು: ಮುಖದ ಬಣ್ಣ ಬೇರೆ, ಮುಖದ ಮೇಲ್ಮೈ ಬೇರೆ. ಕಲೆ, ಬಂಗು, ಕಣ್ಣಿನ ಕೆಳಗಿನ ಕಪ್ಪು, ಇವು ಬಣ್ಣದ ತೊಂದರೆ. ಹೊಟ್ಟು, ಮೊಡವೆ ಗುಂಡಿ, ಸಣ್ಣ ಗಂಟು, ಇವು ಮೇಲ್ಮೈಯ ತೊಂದರೆ. ಫೌಂಡೇಶನ್ ಬಣ್ಣವನ್ನು ಮುಚ್ಚುತ್ತದೆ. ಉಬ್ಬುತಗ್ಗು ಕಾಣುವುದು ಬೆಳಕು ನೆರಳಿನಿಂದ, ಅದನ್ನು ಬಣ್ಣದಿಂದ ಮುಚ್ಚಲು ಬರುವುದಿಲ್ಲ. ಒರಟಾಗಿ ಕಂಡಲ್ಲಿ ಇನ್ನೊಂದು ಪದರ ಹಚ್ಚಿದರೆ ಆ ಪದರ ಹೊಟ್ಟಿನ ಅಂಚಿಗೆ ಹೋಗಿ ನಿಂತು ಒರಟನ್ನು ಎತ್ತಿ ತೋರಿಸುತ್ತದೆ. ಗಾರೆ ಉದುರುತ್ತಿರುವ ಗೋಡೆಗೆ ಸುಣ್ಣದ ಮೇಲೆ ಸುಣ್ಣ ಬಳಿದಂತೆ ಅದು.

ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗಿಯರಿಂದ ಓದಿಸುತ್ತೇನೆ. ಸಿಐ 77491, 77492, 77499 ಎಂದು ಇರುತ್ತದೆ. ಕ್ರಮವಾಗಿ ಕೆಂಪು, ಹಳದಿ, ಕಪ್ಪು, ಮೂರೂ ಕಬ್ಬಿಣದ ಆಕ್ಸೈಡ್. ಬಿಳುಪಿಗೆ 77891, ಅಂದರೆ ಟೈಟಾನಿಯಂ ಡೈಆಕ್ಸೈಡ್. ಜಗತ್ತಿನ ಬಹುತೇಕ ಫೌಂಡೇಶನ್ನುಗಳ ಬಣ್ಣ ಈ ನಾಲ್ಕರ ಹೆಚ್ಚುಕಡಿಮೆಯಿಂದಲೇ ಬರುತ್ತದೆ. ಸಂಡೂರಿನ ಗುಡ್ಡಗಳನ್ನು ಕೆಂಪಗೆ ಮಾಡಿರುವ ಹೆಮಟೈಟ್ ಅದಿರೂ ಕಬ್ಬಿಣದ ಆಕ್ಸೈಡೇ. ಮುಖಕ್ಕೆ ಹಚ್ಚುವುದನ್ನು ಶುದ್ಧವಾಗಿರಲೆಂದು ಕಾರ್ಖಾನೆಯಲ್ಲಿ ತಯಾರಿಸುತ್ತಾರೆ, ಅಷ್ಟೇ ವ್ಯತ್ಯಾಸ. ಇದನ್ನು ಹೇಳಿದಾಗ ಹುಡುಗಿಯರ ಕಣ್ಣು ಅರಳುತ್ತದೆ, ನನಗೂ ಖುಷಿ. ಆದರೆ ನಾನು ಇದನ್ನು ಹೇಳುವುದು ಇನ್ನೊಂದು ಕಾರಣಕ್ಕೆ. ಈ ಬಣ್ಣಗಳೆಲ್ಲ ನುಣ್ಣನೆ ಪುಡಿಗಳು. ಅವುಗಳನ್ನು ನೀರು, ಎಣ್ಣೆ, ಸಿಲಿಕೋನ್ ಹೊತ್ತು ತರುತ್ತವೆ. ಹಚ್ಚಿದ ಮೇಲೆ ಅವುಗಳಲ್ಲಿ ಆರಿಹೋಗುವ ಭಾಗ ಆರಿ, ಪುಡಿ ಒಂದು ತೆಳು ಪರೆಯಾಗಿ ನಿಲ್ಲುತ್ತದೆ. ಚರ್ಮ ಒಣಗಿದ್ದರೆ ಆ ತೇವವನ್ನು ಅದು ಬೇಗ ಕುಡಿದುಬಿಡುತ್ತದೆ, ಪರೆ ಸಮನಾಗಿ ಹರಡುವ ಮೊದಲೇ ಪುಡಿ ಅಲ್ಲಲ್ಲಿ ಕಚ್ಚಿಕೊಳ್ಳುತ್ತದೆ. ಆಮೇಲೆ ನಕ್ಕಾಗ ಬಾಯಿಯ ಪಕ್ಕ ಬಿರುಕು.

ಹಾಗಾಗಿ ಮದುವೆ ಗೊತ್ತಾದ ಹುಡುಗಿ ಬಂದು, 'ಅಕ್ಕಾ, ಆವತ್ತು ಮೇಕಪ್ಪಿಗೆ ಬಾ' ಅಂದರೆ ನಾನು ಮೊದಲು ಕೇಳುವುದು 'ಮುಖ ಯಾವುದರಲ್ಲಿ ತೊಳಿತೀಯವ್ವಾ?' ಎಂದು. ನಮ್ಮಲ್ಲಿ ಬೋರ್‌ವೆಲ್ ನೀರು ಗಡುಸು. ಹಂಡೆಯ ಒಳಗೆ ಕಟ್ಟುವ ಬಿಳಿ ಪರೆ ನೋಡಿದರೆ ಗೊತ್ತಾಗುತ್ತದೆ. ಆ ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಚರ್ಮದ ಮೇಲೆ ಕರಗದ ಒಂದು ಜಿಗುಟನ್ನು ಉಳಿಸುತ್ತದೆ. ಸೋಪು ಕ್ಷಾರ, ಅದರ ಪಿಹೆಚ್ 9ರಿಂದ 10. ಚರ್ಮ ಸ್ವಲ್ಪ ಆಮ್ಲದ ಕಡೆ, 5ರ ಆಸುಪಾಸು. ದಿನಕ್ಕೆ ಮೂರು ಸಲ ಸೋಪು ಹಚ್ಚಿ ತೊಳೆದ ಮುಖಕ್ಕೆ ಯಾವ ದುಬಾರಿ ಬಾಟಲಿಯೂ ನಿಲ್ಲದು. ಮೇಲ್ಪದರದ ಚರ್ಮ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು, ಅದಕ್ಕೇ ಮದುವೆಗೆ ಒಂದು ತಿಂಗಳು ಇರುವಾಗಲೇ ಬಾ ಎನ್ನುತ್ತೇನೆ. ಮುಖಕ್ಕೆ ಸೋಪು ಬೇಡ, ಜಿಡ್ಡಿದ್ದರೆ ಕಡಲೆಹಿಟ್ಟು ನೆನೆಸಿ ಮೆಲ್ಲಗೆ ಹಚ್ಚಿ ತೊಳಿ. ತೊಳೆದು ಒರೆಸಿ, ಇನ್ನೂ ಹಸಿ ಇರುವಾಗಲೇ ಕ್ರೀಮ್ ಹಚ್ಚು. ಈ 'ಹಸಿ ಇರುವಾಗಲೇ' ಅನ್ನುವುದನ್ನು ಒತ್ತಿ ಹೇಳಬೇಕು. ಗ್ಲಿಸರಿನ್ನು ನೀರನ್ನು ಎಳೆದು ಹಿಡಿಯುತ್ತದೆ. ನಮ್ಮ ಬೇಸಿಗೆಯ ಗಾಳಿಯಲ್ಲಿ ಎಳೆಯಲು ನೀರೇ ಇಲ್ಲದಾಗ ಬರೀ ಗ್ಲಿಸರಿನ್ನು ಚರ್ಮದ ಒಳಗಿನ ನೀರನ್ನೇ ಮೇಲಕ್ಕೆ ತಂದು ಗಾಳಿಗೆ ಬಿಡುತ್ತದೆ. ಅದರ ಮೇಲೆ ಕ್ರೀಮೋ ವ್ಯಾಸಲೀನೋ ಒಂದು ತೆಳು ಮುಚ್ಚಳ ಬೇಕು. ಇದಕ್ಕೆ ಹೆಚ್ಚು ದುಡ್ಡೇನೂ ಬೇಡ, ಎಲ್ಲ ಊರಿನ ಅಂಗಡಿಯಲ್ಲೇ ಸಿಗುವ ಸಾಮಾನು.

ಉಪ್ಪು, ಸಕ್ಕರೆ, ಅಕ್ರೋಟಿನ ಸಿಪ್ಪೆ ಹಾಕಿದ ಸ್ಕ್ರಬ್ಬುಗಳಿಂದ ಹೊಟ್ಟು ಉಜ್ಜುವುದನ್ನು ನಾನು ಬಿಡಿಸಿದ್ದೇನೆ. ಉಜ್ಜಿದಷ್ಟೂ ಮರುದಿನ ಹೊಟ್ಟು ಹೆಚ್ಚುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಹಳೆಯ ಮಲ್ಲು ಬಟ್ಟೆಯನ್ನು ಎರಡು ನಿಮಿಷ ಮುಖದ ಮೇಲಿಟ್ಟು ಮೆಲ್ಲಗೆ ಒರೆಸಿದರೆ ಸಾಕು. ಥ್ರೆಡಿಂಗ್, ಬ್ಲೀಚು ಏನಿದ್ದರೂ ಮದುವೆಗೆ ಒಂದು ವಾರ ಮೊದಲೇ ಮುಗಿಯಬೇಕು.

ಇನ್ನು ಅರಿಶಿನ. ಶಾಸ್ತ್ರ ಬಿಡು ಅನ್ನಲು ನಾನಾರು, ಅನ್ನಲೂಬಾರದು. ಆದರೆ ಒಣ ಅರಿಶಿನವನ್ನು ನೀರಲ್ಲಿ ಕಲಸಿ ಮುಖಕ್ಕೆ ಬಳಿದು, ಮರುದಿನ ಬೆಳಿಗ್ಗೆ ಸುರಗಿ ನೀರು ಹಾಕುವಾಗ ಸೋಪಿನಿಂದ ತಿಕ್ಕಿ ತಿಕ್ಕಿ ತೆಗೆದರೆ ಮುಖ ಹಳದಿಯೂ ಆಗಿರುತ್ತದೆ, ಬಿರುಸೂ ಆಗಿರುತ್ತದೆ. ಮೊದಲೇ ಆರಿಸಿಟ್ಟ ಶೇಡ್ ಆ ಹಳದಿಯ ಪಕ್ಕದಲ್ಲಿ ಬೂದಿಯಂತೆ ಕಾಣುತ್ತದೆ. ಮನೆಯ ಹಿರಿಯರ ಹತ್ತಿರ ಕೂತು, 'ಅಜ್ಜೀ, ಅರಿಶಿನಕ್ಕೆ ಹಾಲಿನ ಕೆನೆ ಇಲ್ಲಾಂದ್ರೆ ಕೊಬ್ಬರಿ ಎಣ್ಣೆ ಕಲಸಿರಿ, ಮುಖಕ್ಕ ತೆಳ್ಳಗ ಹಚ್ಚಿ, ಕೈಕಾಲಿಗೆ ಬೇಕಾದಷ್ಟು ಹಚ್ಚಿರಿ' ಎಂದು ಹೇಳಿದರೆ ಯಾರೂ ಇಲ್ಲ ಅಂದಿಲ್ಲ. ಶಾಸ್ತ್ರವೂ ನಡೆಯುತ್ತದೆ, ಚರ್ಮವೂ ಉಳಿಯುತ್ತದೆ. ಶೇಡನ್ನು ಮಾತ್ರ ಅರಿಶಿನ ತೊಳೆದ ಮೇಲೆ ಇನ್ನೊಮ್ಮೆ ನೋಡಲೇಬೇಕು. ನನ್ನ ಪೆಟ್ಟಿಗೆಯಲ್ಲಿ ಒಂದು ಹಳದಿ ಬೆರೆತ ಸ್ಟಿಕ್ ಸದಾ ಇರುವುದು ಇದಕ್ಕೇ.

ಮುಹೂರ್ತದ ಬೆಳಿಗ್ಗೆ ಕೆಲಸ ನಿಧಾನ. ಕ್ರೀಮ್ ಹಚ್ಚಿದ ಮೇಲೆ ಹತ್ತು ನಿಮಿಷ ಮುಖ ಮುಟ್ಟುವುದಿಲ್ಲ, ಆ ಹೊತ್ತಿನಲ್ಲಿ ಜಡೆ ಹಾಕುತ್ತೇನೆ. ಕ್ರೀಮ್ ಇಳಿಯುವ ಮೊದಲೇ ಫೌಂಡೇಶನ್ ಹಚ್ಚಿದರೆ ಎರಡೂ ಸೇರಿ ಉಂಡೆಯುಂಡೆಯಾಗಿ ಉದುರುತ್ತವೆ. ಎಣ್ಣೆ ರಾತ್ರಿಗೆ ಸರಿ. ಬೆಳಿಗ್ಗೆ ಎಣ್ಣೆ ಹಚ್ಚಿದ ಮುಖದ ಮೇಲೆ ನೀರಿನಂಶದ ಫೌಂಡೇಶನ್ ನಿಲ್ಲದೆ ಜಾರುತ್ತದೆ. ಆಮೇಲೆ ಕಲೆಗಳ ಕೆಲಸ: ಕಣ್ಣಿನ ಕೆಳಗೆ, ಬಾಯಿಯ ಸುತ್ತ, ಬಂಗಿನ ಮೇಲೆ ಕಿತ್ತಳೆ ಬಣ್ಣದ ಕರೆಕ್ಟರನ್ನು ಬೆರಳ ತುದಿಯಲ್ಲಿ ತಟ್ಟುವುದು. ನಮ್ಮ ಕಂದು ಚರ್ಮದ ಕಪ್ಪಿನಲ್ಲಿ ನೀಲಿಯ ಛಾಯೆ ಇರುತ್ತದೆ, ಕಿತ್ತಳೆ ಅದನ್ನು ಕೊಲ್ಲುತ್ತದೆ. ಕಪ್ಪಿನ ಮೇಲೆ ನೇರವಾಗಿ ತಿಳಿ ಬಣ್ಣ ಹಚ್ಚಿದರೆ ಬೂದು ಬರುತ್ತದೆ. ಕರೆಕ್ಟರ್ ಸರಿಯಾಗಿ ಕೂತರೆ ಫೌಂಡೇಶನ್ ಅರ್ಧಕ್ಕರ್ಧ ಸಾಕು, ಪದರ ತೆಳುವಾಗುತ್ತದೆ, ತೆಳುವಾದಷ್ಟೂ ನುಣುಪು.

ಸ್ಪಂಜನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಬೇಕು. ಒಣ ಸ್ಪಂಜು ಫೌಂಡೇಶನ್ನನ್ನು ತಾನೇ ಕುಡಿದು ಪುಡಿಯನ್ನು ಮುಖಕ್ಕೆ ಬಿಡುತ್ತದೆ. ಎಳೆಯಬಾರದು, ಒತ್ತಬೇಕು. ಎಳೆದರೆ ಹೊಟ್ಟು ಎದ್ದು ನಿಲ್ಲುತ್ತದೆ. ಮುಖದ ನಡುವಿನಿಂದ ಹೊರಕ್ಕೆ ಹೋಗುತ್ತ ಕಿವಿಯ ಹತ್ತಿರ ಬರುವಷ್ಟರಲ್ಲಿ ಏನೂ ಉಳಿದಿರಬಾರದು. ಹಣೆಗೆ ಇನ್ನೂ ಕಡಿಮೆ, ಏಕೆಂದರೆ ಅಲ್ಲಿ ಬಾಸಿಂಗ ಕಟ್ಟುತ್ತಾರೆ, ದಪ್ಪ ಹಚ್ಚಿದ್ದರೆ ಬಾಸಿಂಗ ಬಿಚ್ಚುವಾಗ ಅದರ ಜೊತೆಗೇ ಬರುತ್ತದೆ. ಪೌಡರು ಮೂಗಿನ ಎರಡು ಬದಿ, ಹಣೆಯ ನಡುವೆ, ಗದ್ದಕ್ಕೆ ಮಾತ್ರ. ಒಣ ಕೆನ್ನೆಗೆ ಪೌಡರು ಬೇಡವೇ ಬೇಡ. ಗುಂಡಿ, ಗಂಟು ಇರುವ ಕೆನ್ನೆಗೆ ಮಿಂಚೂ ಬೇಡ, ಮಿಂಚು ಉಬ್ಬಿದ ಕಡೆಯೇ ಹೊಳೆಯುತ್ತದೆ.

ನಮ್ಮ ಜಿಲ್ಲೆ ರಂಗನಟ ಬಳ್ಳಾರಿ ರಾಘವರ ಜಿಲ್ಲೆ, ಬಯಲಾಟದ ಸೀಮೆ. ಬಣ್ಣ ಹಚ್ಚುವುದು ಅಂದರೆ ದಪ್ಪಗೆ ಹಚ್ಚುವುದು ಅನ್ನುವ ಭಾವನೆ ಹಿರಿಯರಲ್ಲಿ ಬಲವಾಗಿದೆ. ಆಟದ ಬಣ್ಣ ದೂರದಲ್ಲಿ ಕೂತವನಿಗೆ ಕಾಣಬೇಕು, ಅದರ ಧರ್ಮವೇ ದಪ್ಪ. ಮ್ಯಾಕ್ಸ್ ಫ್ಯಾಕ್ಟರ್ 1930ರ ದಶಕದಲ್ಲಿ ತಂದ ಪ್ಯಾನ್‌ಕೇಕ್ ಕೂಡ ಹುಟ್ಟಿದ್ದು ಬಣ್ಣದ ಸಿನಿಮಾದ ಕ್ಯಾಮೆರಾಕ್ಕಾಗಿ. ಮದುಮಗಳನ್ನು ನೋಡುವವರು ಎದುರಿಗೇ ನಿಂತು ಅಕ್ಕಿಕಾಳು ಹಾಕುವವರು, ಗಲ್ಲ ಹಿಡಿದು ಮಾತಾಡಿಸುವವರು. ಈ ಅಂತರ ನೋಡಿಯೇ ಕೈ ಆಡಬೇಕು. ವಿಡಿಯೋದವರ ಜೊತೆಗೂ ನಾನು ಮೊದಲೇ ಮಾತಾಡುತ್ತೇನೆ: 'ತಮ್ಮಾ, ಲೈಟು ಪಕ್ಕದಿಂದ ಬೇಡ, ಎದುರಿಂದ ಹಿಡಿ.' ಪಕ್ಕದ ಬೆಳಕು ಪ್ರತಿ ಗುಂಡಿಗೂ ನೆರಳು ಕೊಡುತ್ತದೆ. ಲೈಟು ಸರಿಸಿದರೆ ಎರಡು ಪದರ ಮೇಕಪ್ ಉಳಿಯುತ್ತದೆ.

ನನಗೆ ನಿಜಕ್ಕೂ ನೋವಾಗುವ ಸಂಗತಿ ಬೇರೆ. ಕೆಲವು ಹುಡುಗಿಯರ ಕೆನ್ನೆ ಕೆಂಪಗೆ ತೆಳ್ಳಗಾಗಿ, ನರ ಕಾಣುತ್ತ, ನೀರು ಸೋಕಿದರೂ ಉರಿಯುತ್ತಿರುತ್ತದೆ. ಕೇಳಿದರೆ, 'ಬೆಳ್ಳಗೆ ಆಗ್ತೈತೆ ಅಂದ್ರು ಅಕ್ಕಾ' ಎಂದು ಒಂದು ಟ್ಯೂಬು ತೆಗೆದು ತೋರಿಸುತ್ತಾರೆ. ಒಳಗೆ ಸ್ಟೀರಾಯ್ಡು. ಮೊದಲ ವಾರ ಮುಖ ಬೆಳ್ಳಗೆ ನುಣ್ಣಗೆ ಕಾಣುತ್ತದೆ, ಅದೇ ಅದರ ಮೋಸ. ನಿಲ್ಲಿಸಿದ ಕೂಡಲೇ ಮೊಡವೆ, ಉರಿ, ಮೊದಲಿಗಿಂತ ಹೆಚ್ಚು ಕಪ್ಪು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರದಂತೆ ನಿಯಮ ಬಿಗಿ ಮಾಡಿತು, ಆದರೂ ಕೈಯಿಂದ ಕೈಗೆ ಬರುತ್ತಲೇ ಇವೆ. ಹೆಸರಿಲ್ಲದ ಡಬ್ಬಿಯ ಕೆಲವು ಬಿಳುಪಿನ ಕ್ರೀಮುಗಳಲ್ಲಿ ಪಾದರಸವೂ ಇರುತ್ತದೆ. ಇಂಥ ಮುಖಕ್ಕೆ ನಾನು ಫೇಶಿಯಲ್ ಮಾಡುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ. ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋಗು, ಟ್ಯೂಬು ಜೊತೆಗೇ ತಗೊಂಡು ಹೋಗಿ ತೋರಿಸು, ಒಮ್ಮೆಲೇ ಬಿಡಬೇಕೋ ನಿಧಾನಕ್ಕೆ ಬಿಡಬೇಕೋ ಅವರೇ ಹೇಳಲಿ ಎನ್ನುತ್ತೇನೆ. ಬಂಗು ಇರುವವರಿಗೂ ಅಷ್ಟೇ: ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪಾಗಿಸುತ್ತದೆ, ಅದನ್ನು ತಡೆಯುವುದು ಬಣ್ಣ ಬೆರೆತ, ಕಬ್ಬಿಣದ ಆಕ್ಸೈಡ್ ಇರುವ ಸನ್‌ಸ್ಕ್ರೀನು. ಬರೀ ಬಿಳಿ ಸನ್‌ಸ್ಕ್ರೀನಿನಿಂದ ಆ ಕೆಲಸ ಪೂರ್ತಿ ಆಗದು.

'ಯವ್ವಾ, ನಮ್ಮ ಹುಡುಗೀನ ಸ್ವಲ್ಪ ಬೆಳ್ಳಗ ಮಾಡವ್ವಾ' ಎಂದು ತಾಯಂದಿರು ಕೇಳುವುದು ನಿಂತಿಲ್ಲ. ನಾನು ಹುಡುಗಿಯನ್ನು ಟ್ಯೂಬ್‌ಲೈಟಿನ ಕೆಳಗಿಂದ ಎಬ್ಬಿಸಿ ಬಾಗಿಲ ಬೆಳಕಿಗೆ ಕರೆದು, ದವಡೆಯ ಮೇಲೆ ಎರಡು ಗೀಟು ಎಳೆಯುತ್ತೇನೆ. ಒಂದು ಅವರು ಕೇಳಿದ ತಿಳಿ ಶೇಡು, ಇನ್ನೊಂದು ಕುತ್ತಿಗೆಗೆ ಹೊಂದುವ ಶೇಡು. ಐದು ನಿಮಿಷ ಬಿಡುತ್ತೇನೆ, ಕೆಲವು ಫೌಂಡೇಶನ್ ಆರಿದ ಮೇಲೆ ಬಣ್ಣ ತಿರುಗುತ್ತದೆ. ಆಮೇಲೆ ತಾಯಿಯನ್ನೇ ಆರಿಸಲು ಬಿಟ್ಟರೆ ಎರಡನೆಯದನ್ನೇ ಆರಿಸುತ್ತಾರೆ, ಹೆಚ್ಚಿನ ಸಲ.

ಮಧ್ಯಾಹ್ನ ಊಟದ ಹೊತ್ತಿಗೆ ಬೆವರು ಬಂದರೆ ಮೆತ್ತನೆ ಬಟ್ಟೆ ಒತ್ತಿ ತೆಗೆಯಬೇಕು, ಪೌಡರಿನ ಮೇಲೆ ಪೌಡರು ಹಾಕಬಾರದು. ಬಾಯಿಯ ಪಕ್ಕ ಬಿರುಕು ಬಿಟ್ಟಿದ್ದರೆ ಒದ್ದೆ ಸ್ಪಂಜಿಗೆ ಒಂದು ತೊಟ್ಟು ಕ್ರೀಮ್ ಹಚ್ಚಿ ಅಲ್ಲಿ ಒತ್ತಿದರೆ ಕೂಡಿಕೊಳ್ಳುತ್ತದೆ. ಹುಡುಗಿಯ ಚಿಕ್ಕಮ್ಮನಿಗೋ ಗೆಳತಿಗೋ ಇದನ್ನು ಕಲಿಸಿ ಸ್ಪಂಜು ಕೊಟ್ಟು ಬರುತ್ತೇನೆ. ರಾತ್ರಿ ತೆಗೆಯುವಾಗ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಒರೆಸು, ಸೋಪು ಮುಟ್ಟಬೇಡ ಎಂದೂ ಹೇಳಿರುತ್ತೇನೆ. ಮರುದಿನ ಗಂಡನ ಮನೆಯಲ್ಲಿ ಅವಳೇ ಹಚ್ಚಿಕೊಳ್ಳಬೇಕಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇದ್ದು, ಏನು ಕೊಳ್ಳಲಿ ಅಕ್ಕಾ ಎಂದು ಕೇಳಿದವರಿಗೆ ನನ್ನ ಪಟ್ಟಿ ಚಿಕ್ಕದು: ಮೊದಲು ಒಂದು ಒಳ್ಳೆಯ ಕ್ರೀಮು, ಆಮೇಲೆ ಬಣ್ಣ ಬೆರೆತ ಸನ್‌ಸ್ಕ್ರೀನು, ಅದಾದ ಮೇಲೆ ಒಂದು ಕಿತ್ತಳೆ ಕರೆಕ್ಟರು. ಫೌಂಡೇಶನ್ ಬಾಟಲಿ ಕೊಳ್ಳುವುದು ಇವು ಮೂರೂ ಮನೆಗೆ ಬಂದ ಮೇಲೆ.