ಹಳದಿ ಟ್ಯಾಕ್ಸಿಯ ಹ್ಯಾಂಡ್‌ಬ್ರೇಕು

ಕೋಲ್ಕತ್ತದ ಹಳದಿ ಅಂಬಾಸಡರ್ ಟ್ಯಾಕ್ಸಿಗಳು ಸಿದ್ಧವಾಗುತ್ತಿದ್ದ ಉತ್ತರಪಾರದ ಕಾರ್ಖಾನೆ 2014ರಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ಎಂಟು ವರ್ಷ ದಾಟಿದ ಬಾಡಿಗೆ ವಾಹನವು ಪ್ರತಿ ವರ್ಷವೂ ತಪಾಸಣೆಗೊಳಗಾಗಬೇಕು. 1988ರ ಮೋಟಾರು ವಾಹನ ಕಾಯಿದೆಯ 56ನೆಯ ಪ್ರಕರಣದ ಮೇರೆಗೆ, ಯೋಗ್ಯತಾ ಪತ್ರವಿಲ್ಲದಿದ್ದರೆ ಅದರ ನೋಂದಣಿಯೇ ಊರ್ಜಿತವಲ್ಲ. ಹ್ಯಾಂಡ್‌ಬ್ರೇಕಿನ ದೋಷದಿಂದ ಪತ್ರ ದೊರೆಯದ ಚಾಲಕನಿಗೆ ದುಡಿಮೆಯೇ ನಿಲ್ಲುತ್ತದೆ. ಆ ಅವಸರದಲ್ಲಿ ಕೇಬಲನ್ನಷ್ಟೇ ಬಿಗಿದು ಮರಳುವವರುಂಟು, ಅದು ದುರಸ್ತಿಯಲ್ಲ.

ಲಿವರನ್ನು ಎಳೆದಾಗ ಕೇಬಲು ಹಿಂದಿನ ಚಕ್ರಗಳ ಡ್ರಮ್ಮಿನೊಳಗಿರುವ ಷೂಗಳನ್ನು ಅಗಲಿಸಿ ಒತ್ತುತ್ತದೆ. ಲೈನಿಂಗು ಸವೆದಿದ್ದರೆ, ಅಥವಾ ಆಕ್ಸಲ್ಲಿನ ಸೀಲು ಕೆಟ್ಟು ಅದರ ಮೇಲೆ ಎಣ್ಣೆ ಹರಡಿದ್ದರೆ, ಕೇಬಲು ಎಷ್ಟು ಬಿಗಿಯಾಗಿದ್ದರೂ ಹಿಡಿತ ಸಾಲದು. ಮಳೆಗಾಲದಲ್ಲಿ ನೀರು ನಿಂತ ಬೀದಿಗಳಲ್ಲಿ ಓಡಿದ ವಾಹನದ ಕೇಬಲು ಕವಚದೊಳಗೇ ತುಕ್ಕು ಹಿಡಿದಿರುವುದೂ ಉಂಟು.

ಮುಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟು, ಹಿಂಭಾಗವನ್ನು ಜಾಕಿನಿಂದ ಎತ್ತಿ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಡ್ರಮ್ಮನ್ನು ಕಳಚಿ ನೋಡಬೇಕು. ಎಣ್ಣೆ ಹೀರಿದ ಲೈನಿಂಗನ್ನು ತೊಳೆದು ಮತ್ತೆ ಹಾಕಬಾರದು. ಸೀಲನ್ನು ಸರಿಪಡಿಸಿ, ಎರಡೂ ಚಕ್ರಗಳ ಷೂಗಳನ್ನು ಒಟ್ಟಿಗೆ ಬದಲಿಸಬೇಕು. ಮಲ್ಲಿಕ್ ಬಜಾರಿನಲ್ಲಿ ಹಳೆಯ ಬಿಡಿಭಾಗಗಳು ದೊರೆಯುತ್ತವೆ. ಬ್ರೇಕಿನ ಮಟ್ಟಿಗೆ ಆ ಉಳಿತಾಯ ಸಲ್ಲದು. ಮೊದಲು ಷೂಗಳನ್ನು ಹೊಂದಿಸಿ, ಕಡೆಯಲ್ಲಷ್ಟೇ ಕೇಬಲಿನ ಸಡಿಲವನ್ನು ತೆಗೆಯತಕ್ಕದ್ದು. ಲಿವರನ್ನು ಬಿಟ್ಟಾಗ ಚಕ್ರಗಳು ತಡೆಯಿಲ್ಲದೆ ತಿರುಗಬೇಕು. ಎಳೆದಾಗ ಎರಡೂ ಸಮನಾಗಿ ಹಿಡಿಯಬೇಕು.