ಹಾಲಿನ ಪ್ರೋತ್ಸಾಹಧನವೂ ಗೋಪಾಲಕರ ಆದಾಯವೂ

ಹಸುವನ್ನು ಸಾಕಿ ಸಹಕಾರ ಸಂಘಕ್ಕೆ ಹಾಲು ಹಾಕತಕ್ಕ ರೈತನಿಗೆ ಎರಡು ಬಗೆಯ ಹಣ ಬರುತ್ತದೆ. ಒಂದು, ಜಿಡ್ಡನ್ನೂ ಜಿಡ್ಡೇತರ ಘನಾಂಶವನ್ನೂ ನೋಡಿ ಸಂಘದವರು ಕೊಡುವ ಬೆಲೆ. ಮತ್ತೊಂದು, ಸರ್ಕಾರದವರು ಲೀಟರಿಗೆ ಇಷ್ಟೆಂದು ಗೊತ್ತುಮಾಡಿ ಕೊಡುವ ಪ್ರೋತ್ಸಾಹಧನ. ಮೊದಲನೆಯದರ ಏರಿಳಿತವನ್ನು ಗ್ರಾಮಸ್ಥರೆಲ್ಲರೂ ಬಲ್ಲರು. ಎರಡನೆಯದನ್ನಾದರೋ ಹಬ್ಬದ ಇನಾಮಿನಂತೆ, ಬಂದರೆ ಲಾಭ, ಬಾರದಿದ್ದರೆ ನಷ್ಟವಿಲ್ಲ ಎಂದೆಣಿಸುವವರು ಹಲವರುಂಟು. ಈ ಎಣಿಕೆಯು ಸರಿಯಲ್ಲವೆಂಬುದನ್ನು ಲೆಕ್ಕದ ಮೂಲಕ ತೋರಿಸುವುದೇ ಈ ಲೇಖನದ ಉದ್ದೇಶವು.

ನಮ್ಮ ರಾಜ್ಯದಲ್ಲಿ ಈ ಸಹಾಯವು 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಮೊದಲಾಯಿತು. 2013ರಲ್ಲಿ 4 ರೂಪಾಯಿಗೂ 2016ರಲ್ಲಿ 5 ರೂಪಾಯಿಗೂ ಏರಿತು. 2019ರ ಆಯವ್ಯಯದಲ್ಲಿ 6 ರೂಪಾಯಿಯ ಪ್ರಸ್ತಾಪ ಬಂದಿತಾದರೂ ಅದರ ಅನಂತರದ ವರ್ಷಗಳಲ್ಲಿಯೂ ಉತ್ಪಾದಕರ ಕೈಸೇರಿದ್ದು 5 ರೂಪಾಯಿಯೇ. ಘೋಷಣೆಯಾದ ದರವು ಬೇರೆ, ಖಾತೆಗೆ ಜಮಾ ಆಗುವ ದರವು ಬೇರೆ. ಮನೆಯ ಲೆಕ್ಕಕ್ಕೆ ಹಿಡಿಯತಕ್ಕದ್ದು ಎರಡನೆಯದನ್ನೇ.

ಈಗ ಒಂದು ಹಸುವಿನ ಲೆಕ್ಕವನ್ನು ನೋಡೋಣ. ಅಂಕಿಗಳನ್ನು ಉದಾಹರಣೆಗಾಗಿ ಇಟ್ಟುಕೊಂಡಿದೆ. ಓದುವವರು ತಮ್ಮ ಊರಿನ ಧಾರಣೆಯನ್ನು ಹಾಕಿಕೊಳ್ಳಬಹುದು. ದಿನಕ್ಕೆ 8 ಲೀಟರಿನಂತೆ ತಿಂಗಳಿಗೆ 240 ಲೀಟರು ಹಾಲು. ಸಂಘದ ಬೆಲೆ 35 ರೂಪಾಯಿಯಾದರೆ 8,400 ರೂಪಾಯಿ ಹುಟ್ಟುವಳಿ. ಹಿಂಡಿ, ಬೂಸಾಗಳಿಗೆ 3,400, ಹಸಿಮೇವು ಒಣಹುಲ್ಲುಗಳಿಗೆ 3,000, ಔಷಧಿ, ಗರ್ಭಧಾರಣೆ, ವಿಮೆ ಮುಂತಾದವಕ್ಕೆ 500, ಒಟ್ಟು ಖರ್ಚು 6,900. ಉಳಿಯುವುದು 1,500. ಮನೆಯವರ ದುಡಿಮೆಗೆ ಇಲ್ಲಿ ಕೂಲಿ ಕಟ್ಟಿಲ್ಲ. ಪ್ರೋತ್ಸಾಹಧನವು 5 ರೂಪಾಯಿಯಂತೆ 1,200. ಒಟ್ಟು ಬಂದ 9,600ರಲ್ಲಿ ಇದು ಎಂಟನೆಯ ಒಂದು ಪಾಲು, ಹಳೆಯ ಲೆಕ್ಕದಲ್ಲಿ ರೂಪಾಯಿಗೆ ಎರಡಾಣೆ. ಆದರೆ ಉಳಿದ 2,700ರಲ್ಲಿ ಅದೇ 1,200 ಸುಮಾರು ಏಳಾಣೆಯಷ್ಟಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಲೆಕ್ಕವು ಅರ್ಧವಾದೀತು. ಹಸು ವರ್ಷವೆಲ್ಲಾ ಕರೆಯುವುದಿಲ್ಲ. ಹತ್ತು ತಿಂಗಳು ಕರೆದು ಎರಡು ತಿಂಗಳು ಬತ್ತಿದರೆ, ಆ ಎರಡು ತಿಂಗಳೂ ಮೇವಿನ ಖರ್ಚು ತಪ್ಪದು. ಹಾಲಿಲ್ಲದ್ದರಿಂದ ಪ್ರೋತ್ಸಾಹಧನವೂ ಇಲ್ಲ. ತಿಂಗಳಿಗೆ 3,000ದಂತೆ 6,000 ಕಳೆದರೆ ವರ್ಷದ ಉಳಿತಾಯ 21,000. ಅದರಲ್ಲಿ 12,000 ಪ್ರೋತ್ಸಾಹಧನವೇ! ಅದನ್ನು ತೆಗೆದರೆ ಒಂದು ಹಸುವಿನಿಂದ ವರ್ಷಕ್ಕೆ 9,000 ಮಾತ್ರ. ಹೀಗಿರುವಲ್ಲಿ ಇದನ್ನು ಇನಾಮೆಂದು ಕರೆಯುವುದು ಹೇಗೆ?

ದರದಷ್ಟೇ ಮುಖ್ಯವಾದುದು ಕಾಲ. ಸಂಘದ ಬಟವಾಡೆಯು ಗೊತ್ತಾದ ದಿನಕ್ಕೆ ಬರುತ್ತದೆ. ಪ್ರೋತ್ಸಾಹಧನವು ಸರ್ಕಾರದಿಂದ ನೇರವಾಗಿ ಬ್ಯಾಂಕಿನ ಖಾತೆಗೆ ಬರುವಂಥದು, ಇತ್ತೀಚಿನ ವರ್ಷಗಳಲ್ಲಿ ಹಲವು ತಿಂಗಳು ಬಾಕಿಯಾದದ್ದುಂಟು. ಆರು ತಿಂಗಳು ತಡವಾಯಿತೆನ್ನಿ. ರೈತನು ಆ 1,200ನ್ನು ತಿಂಗಳ ಕೊನೆಕೊನೆಗೆ ನೂರಕ್ಕೆ ಎರಡರ ಬಡ್ಡಿಯಲ್ಲಿ ಸಾಲ ತಂದು ಹಿಂಡಿ ಕೊಂಡರೆ, ಆರನೆಯ ತಿಂಗಳ ಕೊನೆಗೆ 360 ರೂಪಾಯಿ ಬಡ್ಡಿಯಾಗುತ್ತದೆ. ಲೀಟರಿಗೆ ನಾಲ್ಕಾಣೆಯಂತೆ 5 ರೂಪಾಯಿಯು ನಾಲ್ಕು ಮುಕ್ಕಾಲಾಯಿತು. ಇದು ಸಣ್ಣ ನಷ್ಟ. ಸಾಲ ಹುಟ್ಟದವನು ಹಿಂಡಿಯನ್ನೇ ಕಡಿಮೆ ಮಾಡುತ್ತಾನೆ. ದೊಡ್ಡ ನಷ್ಟವಿರುವುದು ಅಲ್ಲಿ. ಕರು ಹಾಕಿದ ಮೊದಲ ಎರಡು ಮೂರು ತಿಂಗಳಲ್ಲಿ ಹೊಟ್ಟೆಗೆ ಸಾಲದ ಹಸುವು, ಮುಂದೆ ಎಷ್ಟು ತಿನ್ನಿಸಿದರೂ ಆ ಸೂಲಿನಲ್ಲಿ ಪೂರ್ಣ ಹಾಲು ಕೊಡುವುದಿಲ್ಲ. ಬೆದೆಗೆ ಬರುವುದೂ ತಡವಾಗುತ್ತದೆ. ಬಾಕಿ ಹಣವು ಒಟ್ಟಿಗೆ ಬಂದರೂ ಹೋದ ಹಾಲು ಹಿಂದಿರುಗದು.

ಸಹಾಯಧನವು ಎಲ್ಲಿ ಹೋಗಿ ಸೇರುತ್ತದೆಂಬುದನ್ನೂ ಜಮೀನುದಾರರು ಯೋಚಿಸತಕ್ಕದ್ದು. ನ್ಯೂಜಿಲೆಂಡ್ ದೇಶದವರು ಕುರಿಸಾಕಣೆಗೆ ಕೊಡುತ್ತಿದ್ದ ಸಹಾಯವನ್ನು 1984ರಿಂದ ಮೊದಲುಗೊಂಡು ಕೆಲವೇ ವರ್ಷಗಳಲ್ಲಿ ನಿಲ್ಲಿಸಿದರು. ಸಹಾಯವಿದ್ದಾಗ ಏರಿದ್ದ ಭೂಮಿಯ ಬೆಲೆಯು ಆಗ ಕುಸಿಯಿತು. ಸಾಲ ಮಾಡಿ ಜಮೀನು ಕೊಂಡಿದ್ದವರಿಗೇ ಹೆಚ್ಚಿನ ಪೆಟ್ಟು. 1982ರಲ್ಲಿ 7 ಕೋಟಿಯಷ್ಟಿದ್ದ ಕುರಿಗಳು ಈಗ 2.5 ಕೋಟಿಯ ಆಸುಪಾಸಿಗೆ ಇಳಿದಿವೆ. ಇದಕ್ಕೆ ಹೈನುಗಾರಿಕೆಯ ಹಬ್ಬುವಿಕೆಯೂ ಒಂದು ಕಾರಣವೆನ್ನಬೇಕು. ನಮ್ಮಲ್ಲಿ ಭೂಮಿಯ ಬೆಲೆಯನ್ನು ಹಾಲು ನಿರ್ಧರಿಸುವುದಿಲ್ಲ, ನಿಜ. ಆದರೆ ಪ್ರೋತ್ಸಾಹಧನವನ್ನು ನಂಬಿ ಹೆಚ್ಚಿನ ಬೆಲೆಗೆ ಹಸು ಕೊಂಡವನ ಸ್ಥಿತಿಯು ಅದೇ ಬಗೆಯದು.

ಸಾರಕ್ಕಿಯ ಉದಾಹರಣೆಯು ಇದಕ್ಕೆ ಬೇರೊಂದು ಮುಖವನ್ನು ತೋರಿಸುತ್ತದೆ. ಬೆಂಗಳೂರಿನ ದಕ್ಷಿಣಕ್ಕೆ ಕನಕಪುರದ ರಸ್ತೆಯ ಮಗ್ಗುಲಿಗಿರುವ ಈ ಊರು ಹಿಂದೆ ಕೆರೆಯುಳ್ಳ ಗ್ರಾಮವಾಗಿತ್ತು. 1948ರಲ್ಲಿ ಜಯನಗರಕ್ಕೆ ಅಸ್ತಿವಾರ ಬಿದ್ದ ಮೇಲೆ ಪಟ್ಟಣವು ಈ ಕಡೆಗೆ ಬೆಳೆಯುತ್ತಾ ಬಂದು, ಸಾರಕ್ಕಿಯ ಹೊಲಗಳು ಜೆ.ಪಿ. ನಗರದ ಬಡಾವಣೆಗಳಾದವು. 80 ಎಕರೆಗೂ ಮಿಕ್ಕ ಕೆರೆಯ ಅಂಗಳದಲ್ಲಿಯೂ ಕಟ್ಟಡಗಳೆದ್ದು, 2015ರ ಏಪ್ರಿಲಿನಲ್ಲಿ ಜಿಲ್ಲಾಡಳಿತದವರು ಒತ್ತುವರಿಯನ್ನು ತೆರವುಮಾಡಿಸಬೇಕಾಯಿತು. ಇಂಥ ಕಡೆ ಹಸು ಕಟ್ಟಿದವನಿಗೆ ಗೋಮಾಳವಿಲ್ಲ. ಹುಲ್ಲಿನ ಕಂತೆಯನ್ನೆಲ್ಲಾ ಕ್ರಯಕ್ಕೆ ತರಬೇಕು. ಅವನು ಹಾಲನ್ನು ಮನೆಮನೆಗೆ ಮಾರಿದರೆ ಸಂಘದ ಬೆಲೆಗಿಂತ ಹೆಚ್ಚು ದೊರೆಯುವುದು. ಆದರೆ ಸಂಘದ ಪುಸ್ತಕದಲ್ಲಿ ಬರೆಯದ ಹಾಲಿಗೆ ಪ್ರೋತ್ಸಾಹಧನವು ಒಂದು ಕಾಸೂ ಬಾರದು. 5 ರೂಪಾಯಿಯು 7 ಆದರೂ ಅವನಿಗೆ ಲಾಭವಿಲ್ಲ, ನಿಂತರೂ ನಷ್ಟವಿಲ್ಲ.

ಅವನಿಗೆ ತಟ್ಟುವುದು ಪೊಟ್ಟಣದ ಹಾಲಿನ ದರವು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ಬೆಲೆಯನ್ನು ಲೀಟರಿಗೆ 4 ರೂಪಾಯಿ ಏರಿಸಿ, ಆ ಏರಿಕೆಯು ಉತ್ಪಾದಕರಿಗೇ ಸಲ್ಲತಕ್ಕದ್ದೆಂದು ಸರ್ಕಾರದವರು ತಿಳಿಸಿದರು. ಇಂಥ ಏರಿಕೆಯಾದಾಗ ಮನೆಗಳಿಗೆ ಹಾಲು ಕೊಡುವವನೂ ತನ್ನ ದರವನ್ನು ಏರಿಸಬಲ್ಲನು. ಆನೇಕಲ್ ಕನಕಪುರಗಳ ಕಡೆಯ ಸಂಘದ ಸದಸ್ಯನಿಗೆ ಇದು ಪೂರ್ತಿಯಾಗಿ ಸಂದರೆ ನಮ್ಮ ಲೆಕ್ಕದ ಹಸುವಿಗೆ ತಿಂಗಳಿಗೆ 960 ರೂಪಾಯಿ ಹೆಚ್ಚು. ಆದರೆ ಹಾಲು ಹೊಳೆಯಾಗಿ ಬರುವ ಕಾಲದಲ್ಲಿ ಒಕ್ಕೂಟಗಳು ಖರೀದಿಯ ದರವನ್ನು ಇಳಿಸುವುದೂ ಉಂಟು; 2 ರೂಪಾಯಿ ಇಳಿದರೆ 480 ಹೋಯಿತು. ಪ್ರೋತ್ಸಾಹಧನದ ಹೆಚ್ಚಳವನ್ನು ಕೇಳಿ ಸಂತೋಷಪಡುವ ಮೊದಲು ಅದೇ ತಿಂಗಳ ಖರೀದಿ ದರವನ್ನೂ ಹಿಂಡಿಯ ಮೂಟೆಯ ಬೆಲೆಯನ್ನೂ ನೋಡತಕ್ಕದ್ದು.

ಗ್ರಾಮದ ಯಜಮಾನರಿಂದ ಆಗಬೇಕಾದ ಕೆಲಸವೊಂದಿದೆ. ಹಣ ಬಾರದವರೆಲ್ಲರಿಗೂ ಸರ್ಕಾರದ ಬಾಕಿಯೇ ಕಾರಣವೆಂದು ತಿಳಿಯಬಾರದು. ಆಧಾರ್ ಸಂಖ್ಯೆಯು ಖಾತೆಗೆ ಜೋಡಣೆಯಾಗದೆಯೋ, ಹೆಸರಿನ ಅಕ್ಷರ ವ್ಯತ್ಯಾಸದಿಂದಲೋ ನಿಂತುಹೋಗುವುದುಂಟು. ನೆರೆಯವನಿಗೆ ಯಾವ ತಿಂಗಳವರೆಗೆ ಬಂದಿದೆ, ತನಗೆ ಯಾವ ತಿಂಗಳವರೆಗೆ ಬಂದಿದೆ ಎಂದು ಪಾಸುಪುಸ್ತಕಗಳನ್ನು ಹೋಲಿಸಿದರೆ ದೋಷವೆಲ್ಲಿದೆಯೆಂಬುದು ಗೊತ್ತಾಗುತ್ತದೆ. ಸಂಘದ ಕಾರ್ಯದರ್ಶಿಗಳಿಂದ ಪಟ್ಟಿಯನ್ನು ತರಿಸಿ ಓದಿಸಿದರೆ ಓದುಬಾರದ ಹೆಣ್ಣುಮಕ್ಕಳಿಗೆ ಉಪಕಾರವಾಗುವುದು.

ಹಸುವನ್ನು ಪಾಲಿಗೆ ಸಾಕಲು ಕೊಟ್ಟಿರುವ ಜಮೀನುದಾರರಿಗೆ ಒಂದು ವಿಶೇಷ ಮಾತು. ಸದಸ್ಯತ್ವವು ಯಜಮಾನರ ಹೆಸರಿನಲ್ಲಿದ್ದರೆ, ಸೆಗಣಿ ಬಾಚಿ ಹುಲ್ಲು ಹೊತ್ತವನು ಬೇರೊಬ್ಬನಾದರೂ ಪ್ರೋತ್ಸಾಹಧನವು ಯಜಮಾನರ ಖಾತೆಗೇ ಬೀಳುತ್ತದೆ. ಹಾಲಿನ ಬೆಲೆಯನ್ನು ಮಾತ್ರ ಪಾಲುಮಾಡಿ ಇದನ್ನು ಬಿಟ್ಟರೆ, ಉಳಿತಾಯದ ಅರ್ಧಕ್ಕಿಂತ ಹೆಚ್ಚಿನದನ್ನು ಪಾಲಿನಿಂದ ಹೊರಗಿಟ್ಟಂತಾಯಿತೆಂಬುದು ಮೇಲಿನ ಲೆಕ್ಕದಿಂದ ತಿಳಿಯುತ್ತದೆ. ಯಾರಿಗೆ ಎಷ್ಟು, ತಡವಾಗಿ ಬಂದಾಗ ಹೇಗೆ, ಹಸುವನ್ನು ಹಿಂದಿರುಗಿಸಿದ ಮೇಲೆ ಬಂದ ಬಾಕಿ ಯಾರದು ಎಂಬುದನ್ನು ಹಸು ಕರು ಹಾಕುವುದಕ್ಕೆ ಮುಂಚೆಯೇ ಇಬ್ಬರೂ ಕೂಡಿ ಬರೆದಿಟ್ಟುಕೊಳ್ಳತಕ್ಕದ್ದು.