ಇವತ್ತಿನ ಗಾಳಿಗೆ ಇವತ್ತಿನ ಲೆಕ್ಕ

ಮಗಳೇ, ನೀನು ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಹಾರಿಸುವುದನ್ನು ಕಲಿಯಲು ಸೇರುತ್ತಿದ್ದೀಯ ಎಂದು ನಿಮ್ಮಪ್ಪ ಹೇಳಿದಾಗ ಬ್ಯಾಟರಾಯನಪುರದ ನಮ್ಮ ಬೀದಿಯವರಿಗೆಲ್ಲ ಖುಷಿಯಾಯಿತು. ಹುಡುಗರಿಗೆ ಹಾರಾಟ ಹೇಳಿಕೊಟ್ಟೇ ಆಯುಸ್ಸು ಕಳೆದವನು ನಾನು. ವಿಮಾನ ತಿರುಗಿಸುವುದು, ಇಳಿಸುವುದು ಎಲ್ಲವನ್ನೂ ನಿನ್ನ ಇನ್‌ಸ್ಟ್ರಕ್ಟರ್ ಕಲಿಸುತ್ತಾರೆ. ನಾನು ಹೇಳುವುದು ಅದಕ್ಕೂ ಮೊದಲಿನದು: ವಿಮಾನ ಹತ್ತುವ ಮುಂಚೆ ಪುಸ್ತಕ, ಪೆನ್ಸಿಲ್ ಹಿಡಿದು ಕೂತು ಮಾಡಬೇಕಾದ ಲೆಕ್ಕ.

ನಾವಿರುವುದು ಸಮುದ್ರ ಮಟ್ಟಕ್ಕಿಂತ ಸುಮಾರು 3,000 ಅಡಿ ಮೇಲೆ. ಇಲ್ಲಿನ ಹವೆ ಚೆನ್ನ ಎಂದು ನಾವು ಹೆಮ್ಮೆ ಪಡುತ್ತೇವೆ, ಆದರೆ ವಿಮಾನಕ್ಕೆ ಈ ಗಾಳಿ ಆಗಲೇ ಸ್ವಲ್ಪ ತೆಳು. ಬಿಸಿಲೇರಿದರೆ ಇನ್ನೂ ತೆಳುವಾಗುತ್ತದೆ. ಈ ಎತ್ತರಕ್ಕೆ ಪುಸ್ತಕ ಹೇಳುವ ಉಷ್ಣಾಂಶ 9 ಡಿಗ್ರಿ. ಅದಕ್ಕಿಂತ ಎಷ್ಟು ಡಿಗ್ರಿ ಹೆಚ್ಚೋ ಅಷ್ಟನ್ನು 120 ಅಡಿಯಿಂದ ಗುಣಿಸಿ ಆ 3,000ಕ್ಕೆ ಕೂಡಿಸು. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ ಉತ್ತರ ಸುಮಾರು 6,100 ಅಡಿ. ಇದಕ್ಕೇ ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುವುದು. ಮುಳ್ಳಯ್ಯನಗಿರಿಯ ತುದಿ 6,330 ಅಡಿ. ಅಂದರೆ ಚಕ್ರಗಳು ಜಕ್ಕೂರಿನ ನೆಲದ ಮೇಲಿದ್ದರೂ ರೆಕ್ಕೆ, ಪ್ರೊಪೆಲ್ಲರ್, ಎಂಜಿನ್ ಮೂರಕ್ಕೂ ಸಿಗುವುದು ಬಹುಪಾಲು ಮುಳ್ಳಯ್ಯನಗಿರಿಯ ಗಾಳಿ! ಡಿಸೆಂಬರ್ ಬೆಳಿಗ್ಗೆ 15 ಡಿಗ್ರಿ ಇರುವಾಗ ಇದೇ ಲೆಕ್ಕ 3,700ಕ್ಕೆ ನಿಲ್ಲುತ್ತದೆ. ರನ್‌ವೇ ಅದೇ, ವಿಮಾನ ಅದೇ, ನೀನೂ ಅವಳೇ.

ಇದು ಬರೀ ಪರೀಕ್ಷೆಗೆ ಓದುವ ವಿಷಯ ಅಂದುಕೊಳ್ಳಬೇಡ. ನಮ್ಮ ಬೆಂಗಳೂರಿನ ಎನ್‌ಎಎಲ್ ಸಂಸ್ಥೆ ಹಂಸ-ಎನ್‌ಜಿ ಎಂಬ ಎರಡು ಸೀಟಿನ ತರಬೇತಿ ವಿಮಾನ ಕಟ್ಟಿ 2021ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಹಾರಿಸಿತು. ಇಲ್ಲಿ ಹಾರಿದರಷ್ಟೇ ಸಾಲದು ಎಂದು 2022ರ ಫೆಬ್ರವರಿಯಲ್ಲಿ ಅದನ್ನು 140 ನಾಟಿಕಲ್ ಮೈಲಿ ದೂರದ ಪುದುಚೇರಿಗೆ ಹಾರಿಸಿಕೊಂಡು ಹೋದರು. ಸಮುದ್ರ ಮಟ್ಟದ ಗಾಳಿಯಲ್ಲಿ ಅದು ಹೇಗೆ ಏರುತ್ತದೆ, ಹೇಗೆ ಓಡುತ್ತದೆ, ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇಳುವಾಗ ಹೇಗಿರುತ್ತದೆ ಎಂದು ನೋಡಿಕೊಂಡು ಬಂದರು. ವಿಮಾನ ಕಟ್ಟಿದವರೇ ಬೆಂಗಳೂರಿನ ಅಂಕಿಯನ್ನು ಪುದುಚೇರಿಗೆ ಹಾಗೇ ಅನ್ವಯಿಸಲಿಲ್ಲ. ಬೆಳಿಗ್ಗೆಯ ಅಂಕಿಯನ್ನು ನೀನು ಮಧ್ಯಾಹ್ನಕ್ಕೆ ಹೇಗೆ ಅನ್ವಯಿಸುತ್ತೀಯ?

ಟೇಕಾಫ್‌ನಲ್ಲಿ ಇದರ ಪೆಟ್ಟು ನೇರವಾಗಿ ಕಾಣುತ್ತದೆ. ಸೆಸ್ನಾ 172ರ 180 ಅಶ್ವಶಕ್ತಿಯ ಮಾದರಿಯನ್ನೇ ತೆಗೆದುಕೋ. ಪೂರ್ತಿ ತೂಕ, ಗಾಳಿ ಬೀಸುತ್ತಿಲ್ಲ, ಒಣ ರನ್‌ವೇ. ಸಮುದ್ರ ಮಟ್ಟದಲ್ಲಿ 20 ಡಿಗ್ರಿಗೆ ನೆಲ ಬಿಡಲು ಸುಮಾರು 1,000 ಅಡಿ ಓಟ ಬೇಕು, 50 ಅಡಿ ಎತ್ತರದ ಅಡ್ಡಿ ದಾಟಲು ಸುಮಾರು 1,700 ಅಡಿ. ನಮ್ಮ ಎತ್ತರದಲ್ಲಿ 30 ಡಿಗ್ರಿಗೆ ಅದೇ 1,400 ಮತ್ತು 2,400ರ ಆಸುಪಾಸು. ಇದು ಹೊಸ ವಿಮಾನವನ್ನು ನುರಿತ ಪೈಲಟ್ ಹಾರಿಸಿ ಬರೆದ ಅಂಕಿ ಅನ್ನುವುದನ್ನು ಮರೆಯಬೇಡ, ಮೇಲೊಂದಿಷ್ಟು ಸೇರಿಸಿಕೋ. ತೂಕ ಶೇಕಡಾ 10 ಹೆಚ್ಚಾದರೆ ಓಟ ಶೇಕಡಾ 20ಕ್ಕೂ ಹೆಚ್ಚು ಉದ್ದವಾಗುತ್ತದೆ. ಹಿಂದಿನಿಂದ ಬೀಸುವ ಸಣ್ಣ ಗಾಳಿಯೂ ಅಷ್ಟೇ ಕೆಡುಕು ಮಾಡಬಲ್ಲದು. ದೇವನಹಳ್ಳಿಯಲ್ಲಿ 4,000 ಮೀಟರ್ ರನ್‌ವೇ ಇದೆ, ಜಕ್ಕೂರಿನಲ್ಲಿ ಆ ಧಾರಾಳವಿಲ್ಲ. ಪಡುವಣ ತುದಿಯಾಚೆಗೆ ಬಳ್ಳಾರಿ ರಸ್ತೆ, ಅದರ ಮೇಲೆ ಎತ್ತರಿಸಿದ ಎಕ್ಸ್‌ಪ್ರೆಸ್‌ವೇ, ಅದರ ಮೇಲೆ ಬಸ್ಸು ಲಾರಿಗಳು. ಅದಕ್ಕೇ ಹೇಳುವುದು, ನೆಲ ಬಿಡುವ ದೂರ ನೋಡಿ ಸಮಾಧಾನ ಪಡಬೇಡ, ಅಡ್ಡಿ ದಾಟುವ ದೂರ ನೋಡು.

ಇನ್ನೊಂದು ಹಳೆಯ ಸೂತ್ರ ನೆನಪಿಟ್ಟುಕೋ. ರನ್‌ವೇ ಅರ್ಧ ಮುಗಿಯುವಷ್ಟರಲ್ಲಿ ಮೂಗು ಎತ್ತುವ ವೇಗದ ಶೇಕಡಾ 70 ಬಂದಿರಬೇಕು. 55 ನಾಟ್‌ಗೆ ಎತ್ತುವುದಾದರೆ ಅರ್ಧದಲ್ಲಿ 39 ಕಾಣಬೇಕು. ಕಾಣಲಿಲ್ಲವೋ, ಥ್ರಾಟಲ್ ಎಳೆದು ಬ್ರೇಕ್ ಹಿಡಿ. ಆ ಅರ್ಧದ ಗುರುತು ಯಾವ ಟ್ಯಾಕ್ಸಿವೇ, ಯಾವ ಕಂಬ ಎಂದು ಮೊದಲೇ ನೋಡಿಟ್ಟುಕೊಂಡಿರು. ಓಡುವಾಗ ಹುಡುಕಲು ಪುರಸೊತ್ತಿರುವುದಿಲ್ಲ.

ನೆಲದ ಹತ್ತಿರ ರೆಕ್ಕೆಗೆ ಎಳೆತ ಕಡಿಮೆ. ಹಾಗಾಗಿ ತೆಳು ಗಾಳಿಯಲ್ಲೂ ಮೂಗೆಳೆದರೆ ವಿಮಾನ ಬೇಗ ಎದ್ದುಬಿಡುತ್ತದೆ. ಎದ್ದ ಮೇಲೆ ಏರುವುದಿಲ್ಲ. ಎಷ್ಟೋ ವಿಮಾನಗಳು ಹೀಗೆ ನೆಲ ಬಿಟ್ಟೂ ಬೇಲಿ ದಾಟದೆ ಹೋಗಿವೆ. ಮೇಲೇರಿಸುವುದು ಹಾರಲು ಬೇಕಾದದ್ದು ಕಳೆದು ಮಿಕ್ಕ ಶಕ್ತಿ ಮಾತ್ರ. 6,000 ಅಡಿಯ ಗಾಳಿಯಲ್ಲಿ ಎಂಜಿನ್ನಿನ ಐದರಲ್ಲೊಂದು ಪಾಲು ಶಕ್ತಿ ಹೋಗಿರುತ್ತದೆ. ಆ ನಷ್ಟವೆಲ್ಲ ಮಿಕ್ಕುವ ಪಾಲಿಗೇ ಬರುತ್ತದೆ, ಹಾಗಾಗಿ ಏರುವ ವೇಗ ಐದರಲ್ಲೊಂದು ಪಾಲಿಗಿಂತ ಬಹಳ ಹೆಚ್ಚು ಕುಗ್ಗುತ್ತದೆ. ಎದುರಿಗೆ ಅಡ್ಡಿಯಿದ್ದರೆ ಕಡಿದಾಗಿ ಏರುವ ವೇಗ, ದಾಟಿದ ಮೇಲೆ ಬೇಗ ಎತ್ತರ ಗಳಿಸುವ ವೇಗ. ಈ ಎರಡನ್ನೂ ಬಾಯಿಪಾಠ ಮಾಡು. ಏರುತ್ತಿಲ್ಲ ಎಂದು ಮೂಗೆಳೆಯಲು ಕೈ ತಾನಾಗಿ ಹೋಗುತ್ತದೆ. ಎಳೆದರೆ ವೇಗ ಸತ್ತು, ರೆಕ್ಕೆ ಎತ್ತುವ ಬಲ ಕಳೆದುಕೊಂಡು ಸ್ಟಾಲ್ ಆಗುತ್ತದೆ. ಇದನ್ನು ಹೇಳುವಾಗ ಈಗಲೂ ನನ್ನ ಎದೆ ಬಿಗಿಯುತ್ತದೆ.

ಮೇಲೆ ಹೋದ ಮೇಲೆ ಅದೇ ತೆಳು ಗಾಳಿ ಉಪಕಾರಿ. 35,000 ಅಡಿಯಲ್ಲಿ ಗಾಳಿಯ ಸಾಂದ್ರತೆ ನೆಲದ ಮೂರನೇ ಒಂದು ಪಾಲಿಗಿಂತಲೂ ಕಡಿಮೆ, ಎಳೆತವೂ ಕಡಿಮೆ. ದೊಡ್ಡ ಜೆಟ್‌ಗಳು ಅಲ್ಲಿಗೆ ಹೋಗುವುದು ಅದಕ್ಕೇ. ನಿನ್ನ ಸಣ್ಣ ವಿಮಾನದಲ್ಲಿ ಎಂಜಿನ್ನಿಗೆ ಹೋಗುವ ಪೆಟ್ರೋಲ್-ಗಾಳಿಯ ಮಿಕ್ಸ್ಚರ್ ಸರಿಯಾಗಿ ತೆಳು ಮಾಡು, ಎದುರುಗಾಳಿಗೆ ಎಷ್ಟು ನಿಮಿಷ ಹೆಚ್ಚು ಹಿಡಿಯುತ್ತದೆ ನೋಡಿಕೋ, ಪೆಟ್ರೋಲನ್ನು ಲೀಟರಿನಲ್ಲಲ್ಲ, ಗಂಟೆಯಲ್ಲಿ ಎಣಿಸು. ಸದ್ಯಕ್ಕೆ ಅಷ್ಟು ಸಾಕು.

ಇಳಿಯುವಾಗ ಮೋಸ ಬೇರೆ ಥರ. ವೇಗದ ಮೀಟರಿನಲ್ಲಿ ಎಂದಿನ 61 ನಾಟ್ ಇರುತ್ತದೆ, ಆದರೆ ಏಪ್ರಿಲ್ ಮಧ್ಯಾಹ್ನ ನಿಜವಾದ ವೇಗ 67ರ ಹತ್ತಿರ. ಶೇಕಡಾ 10 ಹೆಚ್ಚು ವೇಗಕ್ಕೆ ನಿಲ್ಲಿಸುವ ದೂರ ಶೇಕಡಾ 20 ಹೆಚ್ಚು. ನೆಲ ಜೋರಾಗಿ ಓಡುವುದು ಕಂಡು ವೇಗ ಇಳಿಸಬೇಡ, ಮೀಟರನ್ನೇ ನಂಬು. ಜಕ್ಕೂರು ಕೆರೆಯ ಹಕ್ಕಿಗಳ ಮೇಲೂ ಒಂದು ಕಣ್ಣಿರಲಿ.

2010ರ ಮೇ 22ರಂದು ಮಂಗಳೂರಿನಲ್ಲಿ ಆದದ್ದು ನಿನಗೆ ಗೊತ್ತಿರಬೇಕು. ದುಬೈನಿಂದ ಬಂದ ಬೋಯಿಂಗ್ 737. ಬೆಟ್ಟದ ತಲೆ ಸವರಿ ಮಾಡಿದ 8,000 ಅಡಿ ರನ್‌ವೇ. ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿ, ಬೇಕಾದ್ದಕ್ಕಿಂತ ವೇಗವಾಗಿ ಬಂದು ಸುಮಾರು 5,200 ಅಡಿ ಕಳೆದ ಮೇಲೆ ನೆಲ ಮುಟ್ಟಿತು. ಇಳಿಯುವುದು ಬೇಡ, ಮತ್ತೆ ಏರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದರು ಎಂದು ತನಿಖಾ ವರದಿ ಬರೆದಿದೆ. 158 ಜನ ಹೋದರು, 8 ಜನ ಉಳಿದರು. ಆ ದಿನ ಹವೆ ಕೆಟ್ಟಿರಲಿಲ್ಲ, ರನ್‌ವೇಯೂ ಆ ವಿಮಾನಕ್ಕೆ ಸಾಲದ್ದಾಗಿರಲಿಲ್ಲ. ಮುಟ್ಟಬೇಕಾದ ಜಾಗ ತಪ್ಪಿದ ಮೇಲೆ ಉಳಿದ ಲೆಕ್ಕಕ್ಕೆ ಬೆಲೆಯಿರಲಿಲ್ಲ.

ಹಾಗಾಗಿ ಯಾವ ಗುರುತಿನೊಳಗೆ ಚಕ್ರ ನೆಲ ಮುಟ್ಟಬೇಕು ಎಂದು ನೀನು ಮೊದಲೇ ಗೊತ್ತುಮಾಡಿಕೋ. ಅದು ದಾಟಿದರೆ ಮತ್ತೆ ಏರು. ನೋಡುವವರು ಏನಂದುಕೊಂಡಾರು ಎಂದು ಯೋಚಿಸಬೇಡ. ಆದರೆ ಬಿಸಿಲಲ್ಲಿ ಪೂರ್ತಿ ಫ್ಲಾಪ್ ಇಳಿಸಿಕೊಂಡು ಏರುವುದು ಸುಲಭವಲ್ಲ. ಪೂರ್ತಿ ಥ್ರಾಟಲ್ ಕೊಡು, ಫ್ಲಾಪನ್ನು 20 ಡಿಗ್ರಿಗೆ ತಾ, ಅಡ್ಡಿ ದಾಟಿ ವೇಗ ಬಂದ ಮೇಲೆ ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಎತ್ತು. ಇದನ್ನು ಒಂದು ಬಿಸಿ ಮಧ್ಯಾಹ್ನ ಸಾಕಷ್ಟು ಎತ್ತರದಲ್ಲಿ ಮಾಡಿಸಿ ಎಂದು ನಿನ್ನ ಇನ್‌ಸ್ಟ್ರಕ್ಟರನ್ನು ನೀನಾಗಿಯೇ ಕೇಳು, ಆಗ ಆಲ್ಟಿಮೀಟರಿನ ಮುಳ್ಳು ಎಷ್ಟು ನಿಧಾನ ಏರುತ್ತದೆ ಎಂದು ಬರೆದಿಟ್ಟುಕೊಂಡು ಬಾ.